ಐದನೆಯ ಡೋಸು

ಐಸ್ ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು,
ಒಳಗೆ ನೀರು ಗುಳಗುಳ ಅಂದರೆ ಮಾತ್ರ ಪೆಟ್ಟಿಗೆಗೆ ಹಾಕು,
ಸದ್ದಿಲ್ಲದಿದ್ದರೆ ಇನ್ನಷ್ಟು ಹೊತ್ತು ಹೊರಗಿಡು.
ಕಾರ್ಮಿಣ್ ಸಿಸ್ಟರ್ ಕಲಿಸಿದ ಮೊದಲ ಪಾಠ.
ಬಲಗಿವಿಗೆ ಹಿಡಿಯುತ್ತೇನೆ.
ಎಡದ್ದಕ್ಕೆ ಎಲ್ಲ ಐಸೂ ಕಲ್ಲೇ.

ಏಳನೆಯ ವರ್ಷ ಮಂಗನಬಾವು ಬಂದಿತ್ತು.
ಆಯಿ ಬಟ್ಟೆಗೆ ಹಾಕುವ ನೀಲಿ ಕಲಸಿ ಗದ್ದಕ್ಕೆ ಹಚ್ಚಿದಳು,
ದೊಡ್ಡಮ್ಮ ತನ್ನ ಚಿನ್ನದ ಸರ ನನ್ನ ಕೊರಳಿಗೆ ಹಾಕಿದಳು,
ಕೇರಿಯ ಹುಡುಗರು ಮಂಗ, ಮಂಗ ಎಂದು ನಕ್ಕರು.
ನಾನೂ ನಕ್ಕೆ. ನಕ್ಕರೆ ನೋಯುತ್ತಿತ್ತು.
ಎಂಟು ದಿನಕ್ಕೆ ಬಾವು ಇಳಿಯಿತು,
ಸರ ದೊಡ್ಡಮ್ಮನ ಕೊರಳಿಗೆ ವಾಪಸು ಹೋಯಿತು.
ಎಡಗಿವಿ ಯಾವ ರಾತ್ರಿ ಹೋಯಿತೋ ಗೊತ್ತಿಲ್ಲ,
ಹೋಗುವಾಗ ಸದ್ದು ಮಾಡಲಿಲ್ಲ.

ಅಂದಿನಿಂದ ಅಘನಾಶಿನಿಯ ಎರಡೂ ದಡಕ್ಕೆ ನಾನು ಕೆಪ್ಪ ಜಟ್ಟಿ.
ಒಂದೇ ಕಿವಿಯವನಿಗೆ ಕೂಗು ಕೇಳುತ್ತದೆ,
ಎಲ್ಲಿಂದ ಅಂತ ತಿಳಿಯುವುದಿಲ್ಲ.
ಯಾರು ಕರೆದರೂ ಬಲಕ್ಕೇ ತಿರುಗುತ್ತೇನೆ.
ದೋಣಿಯಲ್ಲಿ ಕೂತವರಿಗೆ ಅದೊಂದು ತಮಾಷೆ.

ಇವತ್ತು ಕುರ್ವೆಯ ಅಂಗನವಾಡಿಯಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು.
ಪಟ್ಟಿಯಲ್ಲಿ ಐದು ಕೂಸು, ಸೀಸೆಯಲ್ಲಿ ಐದು ಡೋಸು.
ಬಂದದ್ದು ನಾಲ್ಕು.
ಹತ್ತೂ ಇಪ್ಪತ್ತಕ್ಕೆ ಪುಡಿಗೆ ನೀರು ಬೆರೆಸಿ
ಸಿಸ್ಟರ್ ಸೀಸೆಯ ಮೈಮೇಲೆ ಹೊತ್ತು ಬರೆದರು.
ನಾಲ್ಕು ತಾಸು. ಆಮೇಲೆ ಎಷ್ಟೇ ಉಳಿದರೂ ಎಸೆಯಬೇಕು.
ಹೊಳೆಗೆ ಏರಲು ಆರು ತಾಸು, ಇಳಿಯಲು ಆರು;
ಸೀಸೆಗೆ ಇಳಿಯುವುದೊಂದೇ ಗೊತ್ತು.

ಐದನೆಯದು ಮಾದೇವಿಯ ಶಾರ್ವಿ,
ಒಂಬತ್ತು ತಿಂಗಳು ತುಂಬಿ ಹನ್ನೊಂದು ದಿನ.
ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು, ಕೂಸು ಮಡಿಲಲ್ಲಿ.
"ತಾಯಿ ಬರ್ದೇ ನಾ ಕೊಡೂದಿಲ್ಲ. ಜ್ವರ ಬಂದ್ರೆ ಯಾರ ಹೆಸ್ರು?"
ಆಮೇಲೆ, ನಾನು ಕೇಳದಿದ್ದರೂ,
ತಂಗಿ ಸೋಮಿಯ ವಿಷಯ ಹೇಳಿದಳು.
ದಡಾರ. ಬೇವಿನ ಸೊಪ್ಪು. ಕತ್ತಲೆ ಕೋಣೆ.
ಕೆಂಪು ಮಾಸಿತು ಎಂದು ತಲೆಗೆ ನೀರು ಹಾಕಿದ ಮೇಲೆ
ಉಸಿರು ಕಟ್ಟಿತು.
"ಆಗ ಈ ಪೆಟ್ಗೆ ಎಲ್ಲಿತ್ತಾ, ತಮಾ?"
ನನ್ನ ಬಲಗಡೆ ಕೂತು ಕೇಳಿದಳು;
ಕೇಳಿಸಲಿಲ್ಲ ಅನ್ನುವ ಹಾಗೂ ಇರಲಿಲ್ಲ.

ಮಾದೇವಿ ಬಳಚು ಹೆಕ್ಕಲು ಹೊಳೆ ನಡುವಿನ ದಿಬ್ಬಕ್ಕೆ ಹೋಗಿದ್ದಳು.
ಇಳಿತದ ಹೊತ್ತು. ದೋಣಿ ಅರ್ಧದಲ್ಲೇ ಕೂತುಬಿಟ್ಟಿತು.
ಲುಂಗಿ ಎತ್ತಿ ಕಟ್ಟಿ ಮೊಣಕಾಲು ಕೆಸರಲ್ಲಿ ನಡೆದೆ.
ಮೂವತ್ತು ಬಗ್ಗಿದ ಬೆನ್ನು, ಯಾರದು ಯಾವುದೋ.
ಕೂಗಿದೆ. "ಓ" ಅಂತು ಒಂದು ದನಿ.
ಬಲಕ್ಕೆ ಓಡಿದೆ. ಅಲ್ಲಿ ಕೊಕ್ಕರೆ.
ಮತ್ತೆ "ಓ".
ಮತ್ತೆ ಬಲಕ್ಕೆ.
ಹೆಂಗಸರು ಸೊಂಟ ಹಿಡಿದು ನಕ್ಕರು.
ಕೊನೆಗೆ ಅವಳೇ ಬಂದು ಎಡ ಮೊಣಕೈ ಹಿಡಿದಳು.
ಏನು ಅಂತ ಕೇಳಲಿಲ್ಲ,
ಎಷ್ಟು ಹೊತ್ತು ಉಳಿದಿದೆ ಅಂತ ಕೇಳಿದಳು.
ಅರ್ಧ ಬುಟ್ಟಿ ತಲೆಗೇರಿಸಿ ನನಗಿಂತ ಮುಂದೆ ನಡೆದಳು.

ಎರಡಕ್ಕೆ ಐದು ನಿಮಿಷ.
ಮೂರು ಸಲ ಕೈ ತೊಳೆದರೂ ಅವಳ ಉಗುರಲ್ಲಿ ಕೆಸರು.
ಬಲ ರಟ್ಟೆ, ಸಣ್ಣ ಸೂಜಿ.
ಕೂಸಿಗೆ ಮೊದಲು ಆಶ್ಚರ್ಯವಾಯಿತು.
ಬಾಯಿ ತೆರೆಯಿತು, ದನಿ ಬರಲು ಒಂದು ಗಳಿಗೆ ಹಿಡಿಯಿತು,
ಬಂತು.
ಯಾವ ಕಡೆಯಿಂದ ಅಂತ ನನಗೆ ತಿಳಿಯಲಿಲ್ಲ,
ಗೋಡೆಯಿಂದ, ಹೊಳೆಯಿಂದ, ದಿಬ್ಬದಿಂದ,
ಅಜ್ಜಿ ಕೂತಿದ್ದ ಹೊಸ್ತಿಲಿನಿಂದ.

ಮರಳುವಾಗ ನೀರು ಏರುತ್ತಿತ್ತು.
ಕೇಳಿದೆ: ನನ್ನ ಮಂಗನಬಾವಿಗೂ ಈ ಸೀಸೆಯಲ್ಲಿ ಮದ್ದಿದೆಯಾ?
"ಇಲ್ಲ ಜಟ್ಟಿ, ಇದರಲ್ಲಿ ಎರಡಕ್ಕೇ.
ಮೂರಕ್ಕೂ ಇರುವುದು ಪೇಟೆ ಡಾಕ್ಟರ ಹತ್ತಿರ, ದುಡ್ಡು ಕೊಟ್ಟರೆ.
ಸರ್ಕಾರಕ್ಕೆ ಆ ಕಿವಿ ಇನ್ನೂ ಕೇಳುವುದಿಲ್ಲ."
ಎಡಗಡೆ ಕೂತಿದ್ದರು. ತುಟಿ ನೋಡಿ ತಿಳಿದುಕೊಂಡೆ.

ಪೆಟ್ಟಿಗೆಯೊಳಗೆ ಐಸು ಪೂರ್ತಿ ನೀರಾಗಿತ್ತು.
ಅದರ ಪಕ್ಕ ಮಾದೇವಿ ಎಲೆಯಲ್ಲಿ ಕಟ್ಟಿಕೊಟ್ಟ ಬಳಚು,
ಒಂದೊಂದು ಆಗಾಗ
ಬಾಯಿ ಬಿಟ್ಟು ಮುಚ್ಚುತ್ತಿತ್ತು.